ಊರು, ಕಾಡು ಮತ್ತು ನಡುವಣ ಎಲ್ಲೆ: ಮೈಸೂರು ಸೀಮೆಯಲ್ಲಿ ವನ್ಯಮೃಗ ನಿಯಂತ್ರಣದ ಚರಿತ್ರೆ

ಮೈಸೂರು ಎಂಬ ಹೆಸರಿನೊಳಗೇ ಒಂದು ಪ್ರಾಣಿಯಿದೆ. ಮಹಿಷೂರು ಎಂಬ ಹೆಸರು ಹೇಗೆ ಬಂದಿತೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ, ಬೆಟ್ಟದ ಮೇಲಿನ ದೇವಿ ಮತ್ತು ಕೋಣನ ರೂಪದ ಅಸುರ ಇವರಿಬ್ಬರ ಕಾಳಗದ ಕಥೆಯನ್ನು ಈ ಊರು ತನ್ನ ಮೂಲಕಥೆಯಾಗಿ ಉಳಿಸಿಕೊಂಡು ಬಂದಿದೆ. ಈ ಸೀಮೆಯ ಊರು, ಹೊಳೆಗಳ ಹೆಸರುಗಳನ್ನು ಗಮನಿಸಿದರೆ ಹುಲಿ, ಆನೆ, ಕರಡಿ, ನಾಗರಗಳು ಮೇಲಿಂದ ಮೇಲೆ ಎದುರಾಗುತ್ತವೆ. ನಾಗರಹೊಳೆ, ಆನೆಚೌಕೂರು, ಕರಡಿಹಳ್ಳಿ ಮೊದಲಾದವು ಕೇವಲ ವರ್ಣನೆಗಳಲ್ಲ; ಯಾವ ಜಾಗದಲ್ಲಿ ಯಾವ ಪ್ರಾಣಿಯ ಎಚ್ಚರ ಇರಬೇಕು ಎಂಬುದನ್ನು ಮುಂದಿನ ತಲೆಮಾರಿಗೆ ದಾಟಿಸಿದ ಸೂಚನೆಗಳೂ ಹೌದು.

ವನ್ಯಮೃಗಗಳೊಡನೆ ಮೈಸೂರು ಸೀಮೆಯ ಜನ ನಡೆಸಿದ ಬಾಳ್ವೆಯ ಬಗೆಗೆ ಈವರೆಗೆ ಬಂದಿರುವ ಬರಹಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯವು ಅರಸರ, ಅಧಿಕಾರಿಗಳ ಬೇಟೆಯ ವೃತ್ತಾಂತಗಳು. ಎರಡನೆಯವು ಕಾಡುಪ್ರಾಣಿಗಳ ಸಂಖ್ಯೆ, ನೆಲೆ, ನಡವಳಿಕೆಗಳನ್ನು ಕುರಿತ ವೈಜ್ಞಾನಿಕ ಅಧ್ಯಯನಗಳು. ಇವೆರಡರ ನಡುವೆ ಒಂದು ಪ್ರಶ್ನೆ ಉಳಿದುಬಿಟ್ಟಿದೆ. ಊರಿಗೆ ಬಂದ ಮೃಗವನ್ನು ಹಿಂದಕ್ಕೆ ಕಳಿಸುವ, ಹಿಡಿಯುವ, ಅನಿವಾರ್ಯವಾದಾಗ ಕೊಲ್ಲುವ ಕೆಲಸವನ್ನು ನಿಜವಾಗಿ ಮಾಡಿದವರು ಯಾರು? ಆ ಕೆಲಸದ ತಿಳಿವಳಿಕೆ ಎಲ್ಲಿಂದ ಬಂದಿತು, ಈಗ ಎಲ್ಲಿದೆ? ಶಾಸನ, ಸರಕಾರಿ ವ್ಯವಸ್ಥೆ, ಮೌಖಿಕ ಪರಂಪರೆ ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಆತಕೂರಿನ ಕಲ್ಲು

ಈ ಚರಿತ್ರೆಗೆ ನಮಗೆ ದೊರೆಯುವ ಅತ್ಯಂತ ಗಟ್ಟಿಯಾದ ಪ್ರಾಚೀನ ಆಧಾರ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಶಕವರ್ಷ 872ರ, ಅಂದರೆ ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಇವರು ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದುದನ್ನು ತಿಳಿಸುವುದರಿಂದ ಚರಿತ್ರಕಾರರು ಇದನ್ನು ರಾಜಕೀಯ ಇತಿಹಾಸದ ಆಕರವಾಗಿಯೇ ಹೆಚ್ಚಾಗಿ ಬಳಸಿಕೊಂಡಿದ್ದಾರೆ. ಆದರೆ ಕಲ್ಲು ನೆಟ್ಟ ಸಂದರ್ಭವೇ ಬೇರೆ. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೆರನೆಂಬ ವೀರ, ಏನು ಬೇಕೆಂದು ಬೂತುಗನು ಕೇಳಿದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು, ಭೂಮಿಯನ್ನು ದತ್ತಿಬಿಟ್ಟು, ಅದರ ಪೂಜೆಯನ್ನು ಗೊರವನಿಗೆ ವಹಿಸಲಾಯಿತು. ಪೂಜೆ ಮಾಡದೆ ಉಂಡರೆ ಗೊರವನಿಗೆ ಪಾಪ ತಟ್ಟುವುದೆಂಬ ಎಚ್ಚರಿಕೆಯೂ ಶಾಸನದಲ್ಲಿದೆ.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಬೇಸಾಯದ ಊರಿಗೆ ಕಾಡುಹಂದಿ ಬೆಳೆಯ ಶತ್ರು. ಆದ್ದರಿಂದ ಹಂದಿಬೇಟೆಯನ್ನು ಅರಸು ಮಕ್ಕಳ ವಿನೋದವೆಂದಷ್ಟೇ ಓದುವುದು ಸರಿಯಲ್ಲ. ಹುಲಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಹಲವು ಭಾಗಗಳಲ್ಲಿ ದೊರೆತಿರುವುದು ಈ ಮಾತಿಗೆ ಪೋಷಕವಾಗಿದೆ. ತುರುಗಾಳಗದಲ್ಲಿ ಸತ್ತವನಿಗೂ ಹುಲಿಯ ಬಾಯಲ್ಲಿ ಸತ್ತವನಿಗೂ ಸಮಾಜ ಒಂದೇ ಬಗೆಯ ಕಲ್ಲನ್ನು ನೆಟ್ಟಿತು. ಎರಡನೆಯದಾಗಿ, ಮೃಗವನ್ನು ತಡೆಯುವಾಗ ಸತ್ತ ಜೀವಕ್ಕೆ ಊರು ಋಣಿಯಾಗಿರಬೇಕು ಎಂಬ ನಿಲುವು ಆ ದತ್ತಿಯಲ್ಲಿದೆ. ಮೂರನೆಯದಾಗಿ, ಶಾಸನದಲ್ಲಿ ಅರಸನ ಹೆಸರಿದೆ, ವೀರನ ಹೆಸರಿದೆ, ನಾಯಿಯ ಹೆಸರೂ ಇದೆ. ಹಂದಿಯ ಜಾಡು ಹಿಡಿದವರ, ಪೊದೆ ಸೋವಿದವರ ಹೆಸರಿಲ್ಲ. ಈ ಮೌನ ಮುಂದಿನ ಸಾವಿರ ವರುಷಗಳ ದಾಖಲೆಗಳಲ್ಲಿಯೂ ಮುಂದುವರಿಯಿತು.

2. ನಂಬಿಕೆಯಲ್ಲಿ ಎಲ್ಲೆ

ಬರೆಹದ ದಾಖಲೆ ಮೌನವಾಗಿರುವೆಡೆ ಮೌಖಿಕ ಪರಂಪರೆ ಮಾತನಾಡುತ್ತದೆ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಬಹುದೊಡ್ಡ ಜನಪದ ದೈವ ಮಲೆಯ ಮಾದೇಶ್ವರನ ವಾಹನ ಹುಲಿ. ದೇವರಗುಡ್ಡರೂ ಕಂಸಾಳೆಯವರೂ ಹಾಡುವ ಕಾವ್ಯದಲ್ಲಿ ಮಾದೇಶ್ವರ ಹುಲಿಯನ್ನು ಕೊಲ್ಲುವುದಿಲ್ಲ, ಅದರ ಮೇಲೆ ಏರಿ ಎಪ್ಪತ್ತೇಳು ಮಲೆ ಸುತ್ತುತ್ತಾನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿವೀರಪ್ಪನನ್ನು ಪೂಜಿಸುತ್ತಾರೆ. ‘ಗೋವಿನ ಹಾಡು’ ಕರ್ನಾಟಕದ ಮಕ್ಕಳೆಲ್ಲರೂ ಬಲ್ಲ ಕಥನ. ಅದರಲ್ಲಿ ಹುಲಿಯೂ ಮಾತಿಗೆ ಒಳಪಡುವ ಜೀವಿ. ಇಂತಹ ಕಥನಗಳನ್ನು ಅಹಿಂಸೆಯ ಉಪದೇಶವೆಂದು ಮಾತ್ರ ಓದಿದರೆ ಅವುಗಳ ಬೆನ್ನಿಗಿರುವ ಅನುಭವ ಕೈತಪ್ಪುತ್ತದೆ. ಕಾಡಿನ ಅಂಚಿನಲ್ಲಿ ದನ ಮೇಯಿಸಿ ಬದುಕುವವರು ಹುಲಿಯನ್ನು ಪೂರ್ತಿಯಾಗಿ ತೊಡೆದುಹಾಕಲಾರರು, ಪೂರ್ತಿಯಾಗಿ ನಂಬಲಾರರು ಕೂಡ. ಅದಕ್ಕೆ ಒಂದು ಹೊತ್ತು, ಒಂದು ಜಾಗ, ಒಂದು ಪಾಲನ್ನು ಗೊತ್ತುಮಾಡಿ ಬಾಳುವುದು ಅವರಿಗೆ ಸಾಧ್ಯವಾಗಿದ್ದ ದಾರಿ.

ಈ ಗೊತ್ತುಪಾಡುಗಳು ದಿನನಿತ್ಯದ ನಡೆನುಡಿಗಳಲ್ಲಿ ಹರಡಿಕೊಂಡಿವೆ. ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಒಳಕ್ಕೆ ಕರೆಯುವುದು. ಸೌದೆಗೆ, ಸೊಪ್ಪಿಗೆ ಒಬ್ಬರೇ ಹೋಗದಿರುವುದು. ಹೊಲದಲ್ಲಿ ಅಟ್ಟಣೆ ಕಟ್ಟಿ ತಮಟೆ, ಕವಣೆಗಳೊಡನೆ ಸರದಿಯಂತೆ ಕಾಯುವುದು. ಆನೆ ಎದುರಾದರೆ ಕೂಗಾಡದೆ ದಾರಿ ಬಿಟ್ಟು ನಿಲ್ಲುವುದು ಇವೆಲ್ಲ ಯಾವ ಪುಸ್ತಕದಲ್ಲಿಯೂ ಬರೆಯದೆ ಉಳಿದ ಕಟ್ಟಳೆಗಳು. ರಾತ್ರಿ ಹೊತ್ತು ಹಾವಿನ ಹೆಸರೆತ್ತದೆ ‘ಹುಳ’ ಎನ್ನುವುದು, ಕಚ್ಚಿತು ಎನ್ನದೆ ‘ಮುಟ್ಟಿತು’ ಎನ್ನುವುದು ಇದೇ ಬಗೆಯದು. ಹೆಸರು ಹೇಳಿದರೆ ಹಾವು ಬರುತ್ತದೆಂಬ ನಂಬಿಕೆಯ ಒಳಗೆ, ಕತ್ತಲಾದ ಮೇಲೆ ಅದರ ಬಗ್ಗೆ ಎಚ್ಚರವಿರಲಿ ಎಂಬ ಸೂಚನೆ ಅಡಗಿದೆ.

3. ಬಹುಮಾನ ಮತ್ತು ಖೆಡ್ಡಾ

19ನೆಯ ಶತಮಾನದಲ್ಲಿ ಈ ಸಂಬಂಧ ಮೂಲಭೂತವಾಗಿ ಬದಲಾಯಿತು. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಬ್ರಿಟಿಷ್ ಇಂಡಿಯಾದ ಇತರೆಡೆಗಳಂತೆ ಇಲ್ಲಿಯೂ ಹುಲಿ, ಚಿರತೆ ಮುಂತಾದವನ್ನು ಕೊಂದವರಿಗೆ ಸರಕಾರ ಬಹುಮಾನ ಕೊಡುವ ಪದ್ಧತಿ ಜಾರಿಯಲ್ಲಿತ್ತು. ಮೃಗಗಳಿಂದ ಸತ್ತವರೆಷ್ಟು, ಕೊಂದ ಮೃಗಗಳೆಷ್ಟು, ಕೊಟ್ಟ ಹಣವೆಷ್ಟು ಎಂಬ ಲೆಕ್ಕ ಆಡಳಿತ ವರದಿಗಳ ಭಾಗವಾಯಿತು. ಅದುವರೆಗೆ ಊರಿನ ಹೊಣೆಯಾಗಿದ್ದ ಮೃಗನಿಯಂತ್ರಣ ಹೀಗೆ ಸರಕಾರದ ಖರ್ಚಿನ ಬಾಬತ್ತಾಯಿತು.

ಈ ಕಾಲಘಟ್ಟದ ಮುಖ್ಯ ಸಾಕ್ಷಿ ಜಿ.ಪಿ. ಸ್ಯಾಂಡರ್ಸನ್. ಮೈಸೂರು ಸರಕಾರದ ಸೇವೆಯಲ್ಲಿದ್ದ ಈತ 1874ರಲ್ಲಿ ಚಾಮರಾಜನಗರದ ಬಳಿ ಕಾಡಾನೆಗಳ ಹಿಂಡನ್ನು ಖೆಡ್ಡಾಕ್ಕೆ ಅಟ್ಟಿ ಹಿಡಿಯುವುದರಲ್ಲಿ ಯಶಸ್ವಿಯಾದ. ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರುಷಗಳನ್ನು ಕುರಿತ ಅವನ ಗ್ರಂಥ 1878ರಲ್ಲಿ ಪ್ರಕಟವಾಯಿತು. ಆನೆಬೇಟೆಯ ಪುಸ್ತಕವೆಂದೇ ಹೆಸರಾದ ಅದರಲ್ಲಿ ನಮ್ಮ ವಿಷಯಕ್ಕೆ ಅಗತ್ಯವಾದ ಎರಡು ಸಂಗತಿಗಳಿವೆ. ಹುಲಿಗಳನ್ನು ನಿರ್ಮೂಲ ಮಾಡಬೇಕೆಂಬ ಸಮಕಾಲೀನರ ವಾದವನ್ನು ಅವನು ಒಪ್ಪುವುದಿಲ್ಲ. ಬೆಳೆ ತಿನ್ನುವ ಜಿಂಕೆ, ಹಂದಿಗಳನ್ನು ಹತೋಟಿಯಲ್ಲಿಡುವ ಹುಲಿಯಿಂದ ರೈತನಿಗೆ ಪ್ರಯೋಜನವೂ ಇದೆಯೆಂಬುದು ಅವನ ಅಭಿಪ್ರಾಯ. ಬೇಟೆಗಾರನೊಬ್ಬ ಈ ತೀರ್ಮಾನಕ್ಕೆ ಬಂದುದು ಹಳ್ಳಿಗರ ಒಡನಾಟದಿಂದ. ಜಾಡು ನೋಡುವುದು, ಬಲೆ ಕಟ್ಟಿ ಹುಲಿಯನ್ನು ಸುತ್ತುವರಿಯುವುದು, ಆನೆಯ ದಾರಿ ಗುರುತಿಸುವುದು ಮೊದಲಾದುವೆಲ್ಲವನ್ನೂ ಅವನು ಸ್ಥಳೀಯರ ಕೈಯಿಂದಲೇ ಮಾಡಿಸಿದ.

ಎರಡನೆಯದು ಹೈದರ್ ಅಲಿಯ ಕುರಿತಾದದ್ದು. ಸುಮಾರು ನೂರು ವರುಷ ಮೊದಲು ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ಯತ್ನಿಸಿ ಸೋತ ಹೈದರ್, ಮುಂದೆ ಯಾರೂ ಇದರಲ್ಲಿ ಗೆಲ್ಲಲಾರರೆಂದೂ ಯತ್ನಿಸಿದವರಿಗೆ ತನ್ನ ಶಾಪವೆಂದೂ ಕಲ್ಲಿನಲ್ಲಿ ಬರೆಯಿಸಿದನೆಂದು ಸ್ಯಾಂಡರ್ಸನ್ ಹೇಳುತ್ತಾನೆ. ಈ ಕಲ್ಲಿನ ಐತಿಹಾಸಿಕತೆ ಏನೇ ಇರಲಿ, ಕಥೆ ಸೂಚಿಸುವ ವಿಷಯ ಸ್ಪಷ್ಟವಾಗಿದೆ. ದೊಡ್ಡ ಸೇನೆಯಿದ್ದ ಅರಸನಿಗೂ ಕಾಡು ಬಲ್ಲವರ ನೆರವಿಲ್ಲದೆ ಆನೆ ಒಲಿಯಲಿಲ್ಲ.

19ನೆಯ ಶತಮಾನದ ಕೊನೆಯ ದಶಕಗಳಿಂದ ಕಾಕನಕೋಟೆಯ ಖೆಡ್ಡಾ ಮೈಸೂರು ಸಂಸ್ಥಾನದ ವೈಭವದ ಪ್ರದರ್ಶನವಾಯಿತು. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಆಗಿ ಪಟ್ಟಕ್ಕೆ ಬಂದ ಯುವರಾಜ ಮೈಸೂರಿಗೆ ಬಂದಾಗ ಖೆಡ್ಡಾ ಏರ್ಪಾಡಾಗಿತ್ತು. ಕಪಿಲಾ ನದಿಗೆ ಹಿಂಡನ್ನು ಅಟ್ಟಿ ದಾಟಿಸುವ ದೃಶ್ಯವನ್ನು ನೋಡಲು ಗಣ್ಯರಿಗಾಗಿ ಅಟ್ಟಣೆಗಳು ಸಿದ್ಧವಾಗುತ್ತಿದ್ದವು. ಅದೇ ಹೊತ್ತಿನಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ವಾರಗಟ್ಟಲೆ ಕಾಡಿನೊಳಗೆ ಹಿಂಡಿನ ಸುತ್ತ ಕಾವಲಿದ್ದು, ಬೆಂಕಿ ಹಾಕಿ, ಸದ್ದು ಮಾಡಿ, ಅಂಗುಲ ಅಂಗುಲವಾಗಿ ಆನೆಗಳನ್ನು ಹೊಳೆಯ ಕಡೆಗೆ ಸರಿಸುತ್ತಿದ್ದರು. ಛಾಯಾಚಿತ್ರಗಳಲ್ಲಿ ಅತಿಥಿಗಳ ಹೆಸರುಗಳಿವೆ. ಸೋವುಗಾರರು ಒಂದು ಗುಂಪಾಗಿ ಮಾತ್ರ ಕಾಣುತ್ತಾರೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಕಾಕನಕೋಟೆ’ ನಾಟಕದಲ್ಲಿ ಕಾಡುಕುರುಬರನ್ನು ಕಥೆಯ ನಡುವೆ ತಂದು ನಿಲ್ಲಿಸಿದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮುಂದೆ ಕಬಿನಿ ಜಲಾಶಯದ ಹಿನ್ನೀರು ಆ ನೆಲವನ್ನು ಮುಳುಗಿಸಿತು.

4. ಮೃಗಾಲಯ, ಅಭಯಾರಣ್ಯ, ಕಾಯಿದೆ

ಹಿಡಿಯುವುದರ ಜೊತೆಗೆ ಇಟ್ಟು ಸಾಕುವ, ಕಾಪಾಡುವ ವ್ಯವಸ್ಥೆಯೂ ಮೈಸೂರಿನಲ್ಲಿ ಬೆಳೆಯಿತು. ಹತ್ತನೆಯ ಚಾಮರಾಜ ಒಡೆಯರು 1892ರಲ್ಲಿ ಸ್ಥಾಪಿಸಿದ ಅರಮನೆಯ ಮೃಗಾಲಯ 1909ರಲ್ಲಿ ಅವರ ಹೆಸರನ್ನೇ ಪಡೆಯಿತು. 1901ರ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾನೂನು ಸಂಸ್ಥಾನದಲ್ಲಿ ಬೇಟೆಗೆ ನಿಯಮಗಳನ್ನು ವಿಧಿಸಿತು. 1931ರಲ್ಲಿ ಬಂಡೀಪುರದಲ್ಲಿ ಸುಮಾರು 90 ಚದರ ಕಿಲೋಮೀಟರಿನ ರಕ್ಷಿತ ಪ್ರದೇಶ ಏರ್ಪಟ್ಟು, 1941ರಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನವಾಗಿ ವಿಸ್ತಾರಗೊಂಡಿತು. ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರನ್ನು ಕಾಡಿಗೆ ಇಟ್ಟಿದ್ದರಲ್ಲಿ ಹಳೆಯ ದೇವರಕಾಡಿನ ಕಲ್ಪನೆಯ ಛಾಯೆಯನ್ನು ಕಾಣಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1973ರ ಹುಲಿ ಯೋಜನೆ ಈ ಚರಿತ್ರೆಯ ದೊಡ್ಡ ತಿರುವುಗಳು. ಬಹುಮಾನದ ಕಾಲ ಮುಗಿದು, ಮೃಗವನ್ನು ಕೊಲ್ಲುವುದೇ ಅಪರಾಧವಾಯಿತು. ಮನುಷ್ಯರ ಜೀವಕ್ಕೆ ಅಪಾಯವಾಗುವ ಮೃಗವನ್ನು ಹಿಡಿಯಲು, ಬೇರೆ ದಾರಿಯೇ ಇಲ್ಲದಾಗ ಕೊಲ್ಲಲು, ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆ ಬೇಕಾಯಿತು. ಅಳಿವಿನ ಅಂಚಿಗೆ ಸರಿದಿದ್ದ ಹುಲಿ ಈ ಸೀಮೆಯಲ್ಲಿ ಚೇತರಿಸಿಕೊಂಡದ್ದು ಈ ಬದಲಾವಣೆಯ ಫಲ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಇದಕ್ಕೆ ತೆತ್ತ ಬೆಲೆಯೂ ಇದೆ. ಕಾಡಿನೊಳಗಿನ ಹಾಡಿಗಳಿಂದ ಜೇನುಕುರುಬ, ಬೆಟ್ಟಕುರುಬ, ಸೋಲಿಗ ಕುಟುಂಬಗಳನ್ನು ಹೊರಹಾಕಲಾಯಿತು. ಹಾವಾಡಿಗರ, ಹಕ್ಕಿಪಿಕ್ಕಿಗಳ ಕುಲವೃತ್ತಿಗಳು ಕಾನೂನುಬಾಹಿರವಾದವು. ಒಂದು ಕಾಲದಲ್ಲಿ ಹುಲಿಯ ಜಾಡು ಕೇಳಲು ಅಧಿಕಾರಿಗಳು ಅರಸಿ ಹೋಗುತ್ತಿದ್ದ ಜನರೇ ಕಾಡಿಗೆ ಕಾಲಿಟ್ಟರೆ ಆರೋಪಿಗಳಾಗುವ ಸ್ಥಿತಿ ಬಂದಿತು. 2006ರ ಅರಣ್ಯ ಹಕ್ಕು ಕಾಯಿದೆಯ ಬಳಿಕ, 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತದ್ದು ಈ ಅನ್ಯಾಯವನ್ನು ಸ್ವಲ್ಪಮಟ್ಟಿಗೆ ಸರಿಪಡಿಸಿದ ಘಟನೆ.

5. ಊರೊಳಗೆ ಬಂದ ಕಾಡು

2011ರ ಜೂನ್ 8ರ ಬೆಳಿಗ್ಗೆ ಎರಡು ಕಾಡಾನೆಗಳು ಮೈಸೂರು ನಗರದೊಳಕ್ಕೆ ಬಂದವು. ಬಂಬೂ ಬಜಾರ್ ಪರಿಸರದಲ್ಲಿ ಒಬ್ಬ ಕಾವಲುಗಾರ ಆನೆಯ ತುಳಿತಕ್ಕೆ ಸಿಕ್ಕಿ ಸತ್ತರು. ಶಾಲಾ ಕಾಲೇಜುಗಳಿಗೆ ರಜೆ ಸಾರಲಾಯಿತು. ಅರಣ್ಯ ಇಲಾಖೆ ಮತ್ತು ಮೃಗಾಲಯದ ಸಿಬ್ಬಂದಿ ಅರಿವಳಿಕೆ ಮದ್ದು ಕೊಟ್ಟು, ಪಳಗಿದ ಆನೆಗಳ ನೆರವಿನಿಂದ ಹಿಡಿಯುವ ಕಾರ್ಯ ನಡೆಸಿದರು. ಪ್ರತಿ ವರುಷ ದಸರೆಯಲ್ಲಿ ಆನೆಗೆ ಕೈಮುಗಿಯುವ ನಗರ ಅಂದು ಆನೆಯೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ತಿಳಿಯದೆ ಬೀದಿಯಲ್ಲಿ ನಿಂತಿತ್ತು. ಆನೆಯನ್ನು ಕಂಡೊಡನೆ ದಾರಿ ಬಿಡುವುದು ಹಾಡಿಯ ಮಗುವಿಗೂ ಗೊತ್ತಿರುವ ಪಾಠ. ನೋಡಲು ಮುನ್ನುಗ್ಗುವುದು ನಗರದ ಅಭ್ಯಾಸ.

ಚಿರತೆಯ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಚಾಮುಂಡಿಬೆಟ್ಟದ ಕುರುಚಲು ಕಾಡಿನಲ್ಲಿ ಹಿಂದಿನಿಂದಲೂ ಚಿರತೆಗಳಿವೆ. ಆದರೆ ಕೃಷ್ಣರಾಜಸಾಗರದ ನಾಲೆಗಳು ಬಂದ ಮೇಲೆ ಬಯಲಿನ ಸ್ವರೂಪವೇ ಬದಲಾಯಿತು. ಆಳೆತ್ತರ ಬೆಳೆದು ತಿಂಗಳುಗಟ್ಟಲೆ ನಿಲ್ಲುವ ಕಬ್ಬಿನ ಗದ್ದೆಯಲ್ಲಿ ಚಿರತೆಗೆ ಮರೆಯೂ ಸಿಕ್ಕಿತು, ಮರಿ ಹಾಕಲು ತಾವೂ ಸಿಕ್ಕಿತು. ಊರ ಸುತ್ತಿನ ನಾಯಿ, ಆಡು, ಹಂದಿಗಳು ಆಹಾರವಾದವು. ಕಾಡಿನಿಂದ ‘ದಾರಿ ತಪ್ಪಿ’ ಬಂದ ಪ್ರಾಣಿ ಎಂಬ ಮಾತು ಇಂತಹ ಚಿರತೆಗೆ ಹೊಂದುವುದಿಲ್ಲ. ಅದು ಹುಟ್ಟಿದ್ದೇ ಗದ್ದೆಯಲ್ಲಿ.

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಬೆಟ್ಟದ ಗುಡಿಗೆ ಹೋಗಿದ್ದ ಯುವಕ, ಮನೆಯ ಹಿತ್ತಿಲಿಗೆ ಹೋದ ಕಾಲೇಜು ವಿದ್ಯಾರ್ಥಿನಿ, ಸೌದೆ ತರಲು ಹೋದ ವೃದ್ಧೆ, ಅಂಗಡಿಗೆ ಹೊರಟ 11 ವರುಷದ ಬಾಲಕ. ಈ ನಾಲ್ಕು ಸಾವುಗಳ ಸಂದರ್ಭವನ್ನು ಜಾನಪದದ ವಿದ್ಯಾರ್ಥಿಯೊಬ್ಬ ಓದಿದಾಗ ಎದೆ ಭಾರವಾಗುತ್ತದೆ. ಹಿತ್ತಿಲು, ಸೌದೆ, ಮುಸ್ಸಂಜೆ ಎಂಬ ಹಳೆಯ ಎಚ್ಚರಿಕೆಯ ಪದಗಳೇ ಇಲ್ಲಿ ಮತ್ತೆ ಕಾಣಿಸಿಕೊಂಡಿವೆ. ಹಾಗೆಂದು ಸತ್ತವರು ಹಿರಿಯರ ಕಟ್ಟಳೆ ಮರೆತರೆಂದು ತಪ್ಪು ಹೊರಿಸುವುದು ಕ್ರೌರ್ಯವಾದೀತು. ಕಟ್ಟಳೆ ಪಾಲಿಸಲು ಬೇಕಾದ ಅನುಕೂಲ ಬಡವರಿಗೆ ಇಲ್ಲ. ಪಂಪ್‌ಸೆಟ್ಟಿಗೆ ರಾತ್ರಿ ವಿದ್ಯುತ್ ಬಂದರೆ ರೈತ ಕತ್ತಲಲ್ಲೇ ನೀರು ಕಟ್ಟಲು ಹೋಗಬೇಕು. ಮನೆಗೆ ಸೌದೆ ಬೇಕಾದರೆ ಮುದುಕಿ ಒಬ್ಬಳೇ ಆದರೂ ಹೊರಡಬೇಕು. ಈ ಸಾವುಗಳ ಬಳಿಕ 2023ರ ಜನವರಿ ಕೊನೆಯಲ್ಲಿ ಮೈಸೂರು ಜಿಲ್ಲೆಗೆ ಚಿರತೆ ಕಾರ್ಯಪಡೆ ರಚನೆಯಾಯಿತು. ಅದಕ್ಕೆ ಮುಂಚೆ, 2022ರ ಡಿಸೆಂಬರಿನಲ್ಲಿ, ಹಾಸನ, ಕೊಡಗು, ಚಿಕ್ಕಮಗಳೂರು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳು ಏರ್ಪಟ್ಟಿದ್ದವು. ಸೆರೆಯಾದ ಮೃಗಗಳ ಆರೈಕೆಗೆ ಮೃಗಾಲಯದ ಅಧೀನದಲ್ಲಿ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರವಿದೆ. 2024ರ ಡಿಸೆಂಬರ್ 31ರಂದು ನಗರದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡಾಗ ಈ ಪಡೆ ಬೋನು, ಕ್ಯಾಮೆರಾ, ಡ್ರೋನ್‌ಗಳೊಡನೆ ಶೋಧ ನಡೆಸಿತು. ಗದ್ದೆಯ ಬದಿಯ ಗುಡಿಸಲಿಗೂ ಗಾಜಿನ ಕಟ್ಟಡಕ್ಕೂ ಈಗ ಒಂದೇ ಆತಂಕ.

ಸಹನೆಯ ಎಲ್ಲೆ ಮುರಿದಾಗ ಏನಾಗುತ್ತದೆಂಬುದಕ್ಕೆ 2025 ಕಹಿ ನಿದರ್ಶನ ಒದಗಿಸಿತು. ಆ ವರುಷದ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಸತ್ತ ಹಸುವಿನ ಮೈಗೆ ವಿಷ ಹಾಕಿದ್ದು ಸಾವಿಗೆ ಕಾರಣವಾಗಿತ್ತು. ಹುಲಿಯನ್ನು ದೇವರ ವಾಹನವಾಗಿ ಪೂಜಿಸುವ ಮಲೆಯಲ್ಲಿ, ಹಸು ಮತ್ತು ಹುಲಿಯ ಕಥೆಯನ್ನು ತಲೆಮಾರುಗಳಿಂದ ಹಾಡಿದ ನಾಡಿನಲ್ಲಿ ಇದು ನಡೆಯಿತು. ಅದೇ ವರುಷದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸರಗೂರು ತಾಲ್ಲೂಕಿನ ಕಾಡಂಚಿನ ರೈತರು ಹುಲಿದಾಳಿಯಲ್ಲಿ ಪ್ರಾಣ ಕಳೆದುಕೊಂಡರು. ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನವೆಂಬರಿನಲ್ಲಿ ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಬೇಕಾಯಿತು. ನಂಬಿಕೆಯೊಂದೇ ಮೃಗವನ್ನು ಕಾಯಲಾರದು, ಕಾಯಿದೆಯೊಂದೇ ಮನುಷ್ಯನನ್ನು ಕಾಯಲಾರದು ಎಂಬುದು ಈ ಎರಡು ಘಟನೆಗಳಿಂದ ವಿದಿತವಾಗುತ್ತದೆ.

6. ಹಾವು: ತಿಳಿವು ಮತ್ತು ತಪ್ಪುತಿಳಿವು

ಜನಪದ ತಿಳಿವಳಿಕೆಯನ್ನು ಎತ್ತಿಹಿಡಿಯುವಾಗ ಅದರ ದೋಷಗಳನ್ನು ಮುಚ್ಚಿಡುವುದು ಸಂಶೋಧಕನಿಗೆ ತಕ್ಕುದಲ್ಲ. ಇದಕ್ಕೆ ಹಾವಿನ ಪ್ರಸಂಗ ಸೂಕ್ತವಾದುದು. ಮೈಸೂರಿನ ಅಶ್ವತ್ಥಕಟ್ಟೆಗಳಲ್ಲೆಲ್ಲ ನಾಗರಕಲ್ಲುಗಳಿವೆ. ನಗರದ ಅಂಚಿನ ಸಿದ್ದಲಿಂಗಪುರದ ಷಷ್ಠಿ ಜಾತ್ರೆಗೆ ಸಾವಿರಾರು ಜನ ಸೇರಿ ಹುತ್ತಕ್ಕೆ ಹಾಲೆರೆಯುತ್ತಾರೆ. ನಾಗರಹಾವು ಸತ್ತು ಬಿದ್ದಿದ್ದರೆ ಸಂಸ್ಕಾರ ಮಾಡುವ ರೂಢಿಯಿದೆ. ಈ ಭಕ್ತಿ ಎಷ್ಟೋ ಹಾವುಗಳ ಜೀವ ಉಳಿಸಿದೆ. ಹಾವುಗಳ ಕನ್ನಡ ಹೆಸರುಗಳಲ್ಲಿಯೂ ನಿಖರವಾದ ವೀಕ್ಷಣೆಯಿದೆ. ಕಚ್ಚಿದೆಡೆ ಮಾಂಸ ಕೊಳೆಯುವಂತೆ ಮಾಡುವ ಹಾವಿಗೆ ಕೊಳಕುಮಂಡಲವೆಂದೂ, ಮೈಮೇಲೆ ಬಿಳಿಯ ಕಟ್ಟುಗಳಿರುವುದಕ್ಕೆ ಕಟ್ಟುಹಾವೆಂದೂ ಹೆಸರಿಟ್ಟವರು ವೈದ್ಯರಲ್ಲ, ಹೊಲದಲ್ಲಿ ದುಡಿಯುವವರು.

ಇದೇ ಪರಂಪರೆ ಹಾವು ಕಚ್ಚಿದವನನ್ನು ಮಂತ್ರವಾದಿಯ ಬಳಿಗೂ ಒಯ್ದಿದೆ. ವಿಷ ಹೀರುವ ಕಲ್ಲು, ಬಿಗಿಯಾದ ಕಟ್ಟು, ಗಾಯ ಕೊಯ್ಯುವುದು ಮೊದಲಾದುವು ಅಮೂಲ್ಯವಾದ ಹೊತ್ತನ್ನು ನುಂಗಿ ಎಷ್ಟೋ ಜೀವಗಳನ್ನು ಬಲಿ ತೆಗೆದುಕೊಂಡಿವೆ. ವಿಷದ ಹಾವಿನ ಕಡಿತಕ್ಕೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೊಂದೇ ಮದ್ದು. ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಒಬ್ಬ ಹೆಂಗಸನ್ನು ಇಡೀ ರಾತ್ರಿ ಬೇವಿನ ಸೊಪ್ಪಿನಿಂದ ನಿವಾಳಿಸುತ್ತ ಕುಳಿತಿದ್ದರು. ಬೆಳಗಾಗುವುದರೊಳಗೆ ಆಕೆ ತೀರಿಕೊಂಡರು. ಮುಂದೆ ಜಾನಪದವನ್ನು ಅಧ್ಯಯನಕ್ಕೆ ಆರಿಸಿಕೊಂಡಾಗಲೂ ಆ ರಾತ್ರಿ ನನ್ನನ್ನು ಬಿಟ್ಟಿಲ್ಲ. ಸಂಗ್ರಹಿಸುವವನಿಗೆ ಕೇರುವ ಹೊಣೆಯೂ ಇದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಹೀಗೆ ಲೆಕ್ಕಕ್ಕೆ ಬರದೆ ಹೋಗುತ್ತಿದ್ದ ಹಳ್ಳಿಯ ಸಾವುಗಳು ಇನ್ನಾದರೂ ದಾಖಲೆಯಾಗಬೇಕು.

ನಗರದಲ್ಲಿ ಹಾವಿನೊಡನೆ ಬಾಳುವ ಹೊಸ ಪರಂಪರೆಯೊಂದು ನಮ್ಮ ಕಣ್ಣೆದುರೇ ರೂಪುಗೊಂಡಿದೆ. ಹೊಲ, ಕೆರೆಯಂಗಳಗಳು ಬಡಾವಣೆಗಳಾದಂತೆ ಹಾವುಗಳು ಮನೆಯ ನೀರಿನ ತೊಟ್ಟಿ, ಚಪ್ಪಲಿ ಗೂಡುಗಳಿಗೆ ಬಂದವು. ಆಗ ಮೈಸೂರಿಗರು ನೆನೆದದ್ದು ಹಾವು ಹಿಡಿದು ಕಾಡಿಗೆ ಬಿಡುವವರನ್ನು. ಸ್ನೇಕ್ ಶ್ಯಾಮ್ ಎಂದೇ ಹೆಸರಾದ ಎಂ.ಎಸ್. ಬಾಲಸುಬ್ರಹ್ಮಣ್ಯ ಅವರು ದಶಕಗಳ ಕಾಲ ಈ ಕೆಲಸ ಮಾಡಿ, ಹಿಡಿದ ಹಾವುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟವರು. ಹಾವಾಡಿಗನ ಕೌಶಲ ಇಲ್ಲಿ ಪ್ರದರ್ಶನವನ್ನು ಬಿಟ್ಟು ನಾಗರಿಕ ಸೇವೆಯಾಯಿತು. ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂಬ ಗಾದೆಯನ್ನು ನಾವು ಜಾಣತನದ ರಾಜಿಗೆ ಬಳಸುತ್ತೇವೆ. ಹಾವು ಹಿಡಿಯುವವರಿಗೆ ಅದು ಅಕ್ಷರಶಃ ನಿಜವಾದ ಕಸುಬಿನ ಮಾತು.

7. ಅರ್ಜುನ

ಮೈಸೂರಿನ ಅರಮನೆಯ ಅಂಗಳದಲ್ಲಿ ಪ್ರತಿ ದಸರೆಗೂ ಮಾವುತ, ಕಾವಾಡಿಗಳ ಕುಟುಂಬಗಳು ಗುಡಾರ ಹಾಕಿ ಬಿಡಾರ ಮಾಡುತ್ತವೆ. ಇವರಲ್ಲಿ ಹಲವರು ಜೇನುಕುರುಬರು, ಕೆಲವರು ಮುಸಲ್ಮಾನರು. ಆನೆಗೆ ಕೊಡುವ ಆಜ್ಞೆಗಳಲ್ಲಿ ಹಿಂದೂಸ್ತಾನಿ ಮೂಲದ ಮಾತುಗಳು ಬೆರೆತಿರುವುದು ಖೆಡ್ಡಾ ಕಾಲದ ಒಡನಾಟದ ಗುರುತು. ಮೆರವಣಿಗೆಯ ಆನೆಗಳನ್ನು ನೋಡುವ ನಮಗೆ, ಉಳಿದ ತಿಂಗಳುಗಳಲ್ಲಿ ಇದೇ ಆನೆಗಳೂ ಇದೇ ಮಾವುತರೂ ಪುಂಡಾನೆ, ಹುಲಿಗಳನ್ನು ಹಿಡಿಯುವ ಕಾರ್ಯಾಚರಣೆಗೆ ಹೋಗುತ್ತಾರೆಂಬುದು ನೆನಪಾಗುವುದು ಕಡಿಮೆ.

ಅರ್ಜುನ ಇಂತಹ ಆನೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಯಾದ ಅದು 2012ರಿಂದ 2019ರವರೆಗೆ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿತು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಸಲಗವೊಂದರೊಡನೆ ಹೋರಾಡುತ್ತ ಸತ್ತಿತು. ಅಲ್ಲೇ ಮಣ್ಣು ಮಾಡಿದರು. ಜನ ಅಲ್ಲಿ ಸ್ಮಾರಕವಾಗಬೇಕೆಂದು ಕೇಳಿದರು. ಆತಕೂರಿನಲ್ಲಿ ಕಾಳಿಗೆ ಕಲ್ಲು ನೆಟ್ಟು ಸಾವಿರದ ಎಪ್ಪತ್ತು ವರುಷಗಳಿಗೂ ಮಿಕ್ಕಿ ಕಳೆದ ಮೇಲೆ ಅದೇ ಭಾವ ಮತ್ತೆ ಎದ್ದಿತೆನ್ನಬಹುದು. ಊರಿಗಾಗಿ ಕಾಡಿನ ಮೃಗದೊಡನೆ ಹೋರಾಡಿ ಮಡಿದ ಪ್ರಾಣಿಯ ಋಣವನ್ನು ಜನ ಒಪ್ಪಿಕೊಂಡರು. ಆದರೆ ಅಂದಿನ ಕಲ್ಲಿನಲ್ಲಿ ಇದ್ದ ಮೌನ ಇಂದಿಗೂ ಮುರಿದಿಲ್ಲ. ಅಂಬಾರಿ ಹೊತ್ತ ಆನೆಗಳ ಹೆಸರು ನಾಡಿಗೆಲ್ಲ ಗೊತ್ತು. ಅವುಗಳ ಕಿವಿಯ ಹಿಂದೆ ಕಾಲಿಟ್ಟು ಕುಳಿತವರ ಹೆಸರು ಗೊತ್ತಿರುವವರು ಎಷ್ಟು ಮಂದಿ?

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮೈಸೂರು ಸೀಮೆಯಲ್ಲಿ ವನ್ಯಮೃಗ ನಿಯಂತ್ರಣದ ಅಧಿಕಾರ ಊರಿನಿಂದ ಅರಮನೆಗೆ, ಅರಮನೆಯಿಂದ ಇಲಾಖೆಗೆ ಕೈಬದಲಾಯಿಸಿದೆ. ಕೊಲ್ಲುವುದು, ಹಿಡಿಯುವುದು, ಉಳಿಸುವುದು ಎಂದು ಅದರ ಗುರಿಯೂ ಬದಲಾಗಿದೆ. ಆದರೆ ಮೃಗದ ಸಮೀಪಕ್ಕೆ ಹೋಗುವ ಕೈ ಮಾತ್ರ ಬಹುಮಟ್ಟಿಗೆ ಒಂದೇ ಸಮುದಾಯಗಳದು. ಅವರ ಅರಿವು ಸರಕಾರದ ಕಾಗದಗಳಲ್ಲಿ ದಾಖಲಾಗಿಲ್ಲ. ಹಾಡಿಗಳು ಚದುರಿದಂತೆ, ಹಿರಿಯರು ತೀರಿಕೊಂಡಂತೆ ಅದು ಕಣ್ಮರೆಯಾಗುತ್ತಿದೆ.

ಜನಪದ ಗೀತೆ, ಕಥೆ, ಗಾದೆಗಳನ್ನು ಸಂಗ್ರಹಿಸುವುದರಲ್ಲಿ ಮೈಸೂರಿನ ವಿದ್ವತ್ ಪರಂಪರೆ ದೊಡ್ಡ ಕೆಲಸ ಮಾಡಿದೆ. ಅದೇ ಶ್ರದ್ಧೆಯಿಂದ ಮಾವುತರ, ಜಾಡುಗಾರರ, ದಿನಗೂಲಿ ಅರಣ್ಯ ಕಾವಲುಗಾರರ, ಹಾವು ಹಿಡಿಯುವವರ ವೃತ್ತಿಜ್ಞಾನವನ್ನು ಅವರವರ ಹೆಸರಿನೊಂದಿಗೆ ದಾಖಲಿಸುವ ಕಾರ್ಯ ಈಗ ನಡೆಯಬೇಕಾಗಿದೆ. ಯಾವುದು ಪರೀಕ್ಷೆಗೆ ನಿಲ್ಲುವ ತಿಳಿವು, ಯಾವುದು ಪ್ರಾಣಕ್ಕೆ ಎರವಾಗುವ ನಂಬಿಕೆ ಎಂಬುದನ್ನು ವನ್ಯಜೀವಿ ವಿಜ್ಞಾನಿಗಳ, ವೈದ್ಯರ ಜೊತೆಗೂಡಿ ವಿಂಗಡಿಸಬೇಕಾಗಿದೆ. ಕಾರ್ಯಪಡೆಗಳಿಗೆ ತರಬೇತಿ ಕೊಡುವವರ ಸಾಲಿನಲ್ಲಿ ಹಾಡಿಯ ಹಿರಿಯರಿಗೂ ಸ್ಥಾನ ದೊರೆಯಬೇಕಾಗಿದೆ. ಗೊರವನು ಉಣ್ಣುವ ಮೊದಲು ಕಲ್ಲಿಗೆ ಪೂಜೆ ಸಲ್ಲಿಸಬೇಕೆಂದು ಆತಕೂರಿನವರು ವಿಧಿಸಿದರು. ಕಾಡಂಚಿನ ಊರುಗಳನ್ನು ಕಾಯುತ್ತಿರುವ ಜೀವಂತ ಮನುಷ್ಯರಿಗೆ ಸಲ್ಲಬೇಕಾದದ್ದು ಪೂಜೆಯಲ್ಲ. ಹೆಸರು, ಸಂಬಳ, ಮತ್ತು ಅವರು ಹೇಳುವುದನ್ನು ಬರೆದುಕೊಳ್ಳುವ ವ್ಯವಧಾನ.